ಮಳೆಗಾಲದಲ್ಲಿ ಬಾಡಿಗೆ ಮನೆಯ ಗೋಡೆಗೆ ಬೂಷ್ಟು: ದುರಸ್ತಿಯ ಹೊಣೆ ಯಾರದು?

ಪ್ರಶ್ನೆ: ಬಾಡಿಗೆದಾರೆ, ಮಡಿಕೇರಿ

ಕಳೆದ ಏಪ್ರಿಲ್‌ನಲ್ಲಿ ವರ್ಗಾವಣೆಯಾಗಿ ದಾವಣಗೆರೆಯಿಂದ ಮಡಿಕೇರಿಗೆ ಬಂದ ನಾವು, ಪೇಟೆಯಿಂದ ಸ್ವಲ್ಪ ಇಳಿಜಾರಿನಲ್ಲಿರುವ ಎರಡು ಅಂತಸ್ತಿನ ಕಟ್ಟಡದ ಮೇಲಿನ ಮನೆಯನ್ನು ಬಾಡಿಗೆಗೆ ಹಿಡಿದೆವು. ತಿಂಗಳಿಗೆ 9,000 ರೂಪಾಯಿ ಬಾಡಿಗೆ, 50,000 ರೂಪಾಯಿ ಮುಂಗಡ, ಹನ್ನೊಂದು ತಿಂಗಳ ಕರಾರು. ಮನೆ ನೋಡಲು ಹೋದ ದಿನ ಗೋಡೆಗಳಿಗೆಲ್ಲ ಹೊಸದಾಗಿ ಬಣ್ಣ ಬಳಿಸಿದ್ದರು. ಬಿಸಿಲು ಚೆನ್ನಾಗಿ ಬರುತ್ತಿತ್ತು. ಬಯಲುಸೀಮೆಯವರಾದ ನಮಗೆ ಬೇರೇನನ್ನೂ ಕೇಳಬೇಕೆಂದು ಹೊಳೆಯಲಿಲ್ಲ.

ಜೂನ್ ಮೂರನೆಯ ವಾರದಲ್ಲಿ, ಬಿದ್ದ ಬಳೆಯೊಂದನ್ನು ಹುಡುಕಲು ಮಲಗುವ ಕೋಣೆಯ ಬೀರುವನ್ನು ಸರಿಸಿದಾಗ, ಅದರ ಹಿಂದಿನ ಗೋಡೆಯಲ್ಲಿ ಮೊಣಕಾಲೆತ್ತರದಿಂದ ತಲೆಯೆತ್ತರದವರೆಗೆ ಕಪ್ಪು ಚುಕ್ಕೆಗಳು ರಾಗಿ ಚೆಲ್ಲಿದಂತೆ ಹರಡಿಕೊಂಡಿದ್ದವು. ಬೆರಳಿಟ್ಟರೆ ಬಣ್ಣವು ಹಪ್ಪಳದಂತೆ ಏಳುತ್ತದೆ, ಒಳಗಿನ ಪುಟ್ಟಿ ಹಿಟ್ಟಿನಂತೆ ಉದುರುತ್ತದೆ. ಜುಲೈ ಹೊತ್ತಿಗೆ ನಡುಮನೆಯ ಒಂದು ಮೂಲೆಯಲ್ಲಿಯೂ ಕಾಣಿಸಿಕೊಂಡಿತು. ಬೆಲ್ಟು, ಚೀಲ, ಒಂದು ವಾರ ಹಾಕದೆ ಬಿಟ್ಟ ಮಗಳ ಶಾಲೆಯ ಶೂ, ಎಲ್ಲದರ ಮೇಲೆಯೂ ಬೂದುಬಣ್ಣದ ನವಿರು. ಮಗಳಿಗೆ ಮೊದಲಿನಿಂದಲೂ ಸ್ವಲ್ಪ ಉಬ್ಬಸವಿದೆ. ಈಗ ರಾತ್ರಿ ಕೆಮ್ಮು ಹೆಚ್ಚಾಗಿದ್ದು, ವೈದ್ಯರು ಅವಳನ್ನು ಆ ಕೋಣೆಯಲ್ಲಿ ಮಲಗಿಸಬೇಡಿ ಎಂದಿದ್ದಾರೆ.

ಮಾಲೀಕರು ಕೆಳಗಿನ ಮನೆಯಲ್ಲಿಯೇ ಇದ್ದಾರೆ. ಮಾತಿನಲ್ಲಿ ಒರಟರಲ್ಲ. ಆದರೆ ಗೋಡೆಯ ವಿಷಯ ಎತ್ತಿದಾಗ, "ಕಕ್ಕಡ ತಿಂಗಳ ಮಳೆಯಲ್ಲಿ ಕೊಡಗಿನ ಯಾವ ಮನೆಗೆ ಬೂಷ್ಟು ಬರುವುದಿಲ್ಲ ಹೇಳಿ? ಬಟ್ಟೆಯನ್ನು ಒಳಗೆ ಒಣಹಾಕಿ ಕಿಟಕಿ ಮುಚ್ಚಿಕೊಂಡರೆ ಗೋಡೆ ಏನು ಮಾಡೀತು?" ಎಂದು ನಕ್ಕುಬಿಟ್ಟರು. ಜೊತೆಗೆ, ನಾವು ಮನೆ ಬಿಡುವಾಗ ಇಡೀ ಮನೆಗೆ ಬಣ್ಣ ಹೊಡೆಸುವ ಖರ್ಚೆಂದು 15,000 ರೂಪಾಯಿಯನ್ನು ಮುಂಗಡದಿಂದ ಹಿಡಿದುಕೊಳ್ಳುವುದಾಗಿಯೂ ತಿಳಿಸಿದರು. ಹೋದ ವರ್ಷವಿದ್ದವರ ಕಾಲದಲ್ಲಿಯೂ ಇದೇ ಗೋಡೆ ಹೀಗೆಯೇ ಆಗಿತ್ತೆಂದು ಎದುರಿನ ಅಂಗಡಿಯವರಿಂದ ಆಮೇಲೆ ಗೊತ್ತಾಯಿತು.

ಕರಾರಿನಲ್ಲಿ ಇರುವುದು ಇಷ್ಟೇ: ಸಣ್ಣಪುಟ್ಟ ದುರಸ್ತಿಗಳು ಬಾಡಿಗೆದಾರರ ಹೊಣೆ, ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸತಕ್ಕದ್ದು, ಬಿಡುವುದಾದರೆ ಎರಡು ತಿಂಗಳ ಮುನ್ಸೂಚನೆ ಕೊಡತಕ್ಕದ್ದು. ಇಂಥ ಗೋಡೆಯನ್ನು ಸರಿಪಡಿಸುವ ಹೊಣೆ ಕಾನೂನಿನ ಪ್ರಕಾರ ಯಾರದು, ನಾವೇ ಮಾಡಿಸಿದರೆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೇ, ಮುಂಗಡದಿಂದ ಹಣ ಹಿಡಿಯಲು ಅವರಿಗೆ ಅಧಿಕಾರವಿದೆಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು. ಬಟ್ಟೆಯನ್ನು ಒಳಗೆ ಒಣಹಾಕುತ್ತೇವೆ ಎಂಬುದು ನಿಜ. ಜುಲೈನಲ್ಲಿ ಹೊರಗೆ ಒಣಹಾಕುವುದು ಹೇಗೆಂದು ನನಗೆ ಇನ್ನೂ ಯಾರೂ ತೋರಿಸಿಕೊಟ್ಟಿಲ್ಲ.

ಉತ್ತರ 1: ಕಟ್ಟಡ ಕೆಲಸದವನು, ಸೋಮವಾರಪೇಟೆ

ಹೊಣೆ ಯಾರದೆಂದು ತೀರ್ಮಾನಿಸುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ನೋಡಬೇಕು. ಬೂಷ್ಟಿನ ಬೀಜಕಣಗಳು ಎಲ್ಲ ಮನೆಯ ಗಾಳಿಯಲ್ಲಿಯೂ ಇರುತ್ತವೆ, ಅವುಗಳಿಗೆ ಬೇಕಾದದ್ದು ತೇವ ಮಾತ್ರ. ತೇವ ನಿಂತ ಕಡೆ ಒಂದೆರಡು ದಿನಗಳಲ್ಲಿಯೇ ಬೆಳೆಯಲು ತೊಡಗುತ್ತವೆ.

ಗೋಡೆಗೆ ತೇವ ಬರುವ ದಾರಿಗಳು ಮೂರು. ಮೊದಲನೆಯದು ನೆಲದಿಂದ ಏರುವ ತೇವ. ಅದು ಬುನಾದಿಯಿಂದ ಮೇಲಕ್ಕೆ ಹೀರಿಕೊಂಡು ಸಾಮಾನ್ಯವಾಗಿ ಮೂರು ಅಡಿಯೊಳಗೆ ನಿಲ್ಲುತ್ತದೆ. ನೀವು ಮೇಲಂತಸ್ತಿನಲ್ಲಿರುವುದರಿಂದ ಅದನ್ನು ಬಿಟ್ಟುಬಿಡಬಹುದು. ಎರಡನೆಯದು ಹೊರಗಿನ ಮಳೆನೀರು ಗೋಡೆಯ ಬಿರುಕಿನಿಂದಲೋ, ತಾರಸಿಯಿಂದಲೋ, ಕಿಟಕಿಯ ಸಜ್ಜದ ಸಂದಿನಿಂದಲೋ ಒಳಗೆ ಜಿನುಗುವುದು. ಮೂರನೆಯದು ಒಳಗಿನ ಗಾಳಿಯಲ್ಲಿರುವ ಆವಿಯು ತಣ್ಣನೆಯ ಗೋಡೆಗೆ ತಾಗಿ ನೀರಾಗುವುದು. ನಮ್ಮ ಕಡೆ ಇದನ್ನು ಗೋಡೆ ಬೆವರುವುದು ಎನ್ನುತ್ತೇವೆ. ಎರಡನೆಯದಾದರೆ ಕಟ್ಟಡದ ದೋಷ. ಮೂರನೆಯದರಲ್ಲಿ ಮನೆಯಲ್ಲಿರುವವರ ಪಾಲೂ ಇರುತ್ತದೆ, ಆದರೆ ಅಡುಗೆಮನೆಗೂ ಬಚ್ಚಲಿಗೂ ಗಾಳಿ ಹೋಗುವ ಕಿಂಡಿಯನ್ನೇ ಇಡದೆ ಕಟ್ಟಿದ್ದರೆ ಅದು ಕಟ್ಟಿದವರ ತಪ್ಪು.

ಬಟ್ಟೆಯೊಂದನ್ನೇ ದೂರುವುದು ಸರಿಯಲ್ಲ. ಒಂದು ಕಿಲೋ ಅಡುಗೆ ಅನಿಲ ಉರಿದಾಗ ಒಂದೂವರೆ ಲೀಟರಿಗಿಂತ ಸ್ವಲ್ಪ ಹೆಚ್ಚೇ ನೀರು ಆವಿಯಾಗಿ ಹೊರಬರುತ್ತದೆ, ಅಂದರೆ 14.2 ಕಿಲೋ ಸಿಲಿಂಡರ್ ಮುಗಿಯುವಷ್ಟರಲ್ಲಿ ಸುಮಾರು 22 ಲೀಟರ್. ಒಲೆಯ ಮೇಲೆ ಕುದಿಯುವ ನೀರಿನ ಆವಿ ಬೇರೆ. ಹಳೆಯ ಹೆಂಚಿನ ಮನೆಗಳಲ್ಲಿ ಇದೆಲ್ಲ ಹೆಂಚಿನ ಸಂದಿಗಳಿಂದ ಹೊರಟುಹೋಗುತ್ತಿತ್ತು, ಸೌದೆಯ ಒಲೆಯ ಕಾವು ಗೋಡೆಯನ್ನೂ ಒಲೆಯ ಮೇಲಿನ ಅಟ್ಟವನ್ನೂ ಬೆಚ್ಚಗಿಡುತ್ತಿತ್ತು. ಸಿಮೆಂಟಿನ ತಾರಸಿಯ ಕೆಳಗೆ ಆವಿಗೆ ಹೋಗಲು ದಾರಿಯಿಲ್ಲ.

ಪರೀಕ್ಷೆ ಸುಲಭ. ಅಡುಗೆಗೆ ಬಳಸುವ ಅಲ್ಯುಮಿನಿಯಂ ಹಾಳೆಯ ಒಂದೊಂದು ಅಡಿಯ ಎರಡು ತುಂಡುಗಳನ್ನು ತೆಗೆದುಕೊಳ್ಳಿ. ಗೋಡೆಯ ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಒಂದನ್ನು ಬೀರುವಿನ ಹಿಂದಿನ ಗೋಡೆಗೂ ಇನ್ನೊಂದನ್ನು ನಡುಮನೆಯ ಮೂಲೆಗೂ ನಾಲ್ಕು ಅಂಚು ಗಾಳಿಯಾಡದಂತೆ ಟೇಪ್ ಹಚ್ಚಿ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಅದು ಒಳಗಾಳಿಯ ತೇವ; ಗೋಡೆಯ ಕಡೆಯ ಮೈ ಒದ್ದೆಯಾಗಿದ್ದರೆ ಗೋಡೆಯೊಳಗಿಂದಲೇ ನೀರು ಬರುತ್ತಿದೆ ಎಂದರ್ಥ. ಮಳೆ ಬಿಟ್ಟ ಹೊತ್ತಿನಲ್ಲಿ ಮಾಲೀಕರ ಒಪ್ಪಿಗೆ ಪಡೆದು ತಾರಸಿಯನ್ನೂ ನೋಡಿ. ಅಕ್ಕಪಕ್ಕ ಸಿಲ್ವರ್ ಓಕ್ ಮರವಿದ್ದರೆ ಅದರ ಎಲೆ ನೀರು ಹೋಗುವ ಕೊಳವೆಯ ಬಾಯಿಗೆ ಚಾಪೆಯಂತೆ ಕೂತುಬಿಡುತ್ತದೆ, ನಿಂತ ನೀರು ಕಟ್ಟೆಗೋಡೆಯ ಬುಡದಿಂದ ಇಳಿಯುತ್ತದೆ. ನಾನು ನೋಡಿದ ಸೋರಿಕೆಗಳಲ್ಲಿ ಎಷ್ಟೋ ಬಾರಿ ಐದು ನಿಮಿಷ ಕೈ ಹಾಕಿ ಎಲೆ ತೆಗೆದದ್ದೇ ಮೊದಲ ಚಿಕಿತ್ಸೆಯಾಗಿದೆ.

ಈಗ ಬಣ್ಣ ಹೊಡೆಸಲು ಹೋಗಬೇಡಿ. ಒದ್ದೆ ಗೋಡೆಗೆ ಬಳಿದ ಬಣ್ಣ ಮುಂದಿನ ಮಳೆಗಾಲವನ್ನು ನೋಡುವುದಿಲ್ಲ. ಏಪ್ರಿಲ್‌ನಲ್ಲಿ ನೀವು ಕಂಡ ಹೊಸ ಬಣ್ಣವೂ ಬಹುಶಃ ಹಾಗೆಯೇ ಬಂದದ್ದು. ಬಿರುಕು ತುಂಬಿ ಹೊರಗೋಡೆಗೆ ನೀರುನಿರೋಧಕ ಬಳಿಯುವ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಸರಿಯಾದ ಕಾಲ. ಪಶ್ಚಿಮದ ಗೋಡೆಗೆ ಗಾಳಿಮಳೆ ನೇರವಾಗಿ ಬಡಿಯುವುದಾದರೆ ಬಳಿಯುವುದಕ್ಕಿಂತ ತಗಡು ಹೊಡೆಸುವುದು ಬಾಳಿಕೆಯದು, ತಾರಸಿಯ ಮೇಲೆ ಟ್ರಸ್ (ಮಾಡಿನ ಚೌಕಟ್ಟು) ಹಾಕಿ ಶೀಟ್ ಹೊದಿಸಿದರೆ ಇನ್ನೂ ಒಳ್ಳೆಯದು. ಕುಶಾಲನಗರದ ಕಡೆಯ ಕಡಿಮೆ ಮಳೆಗೆ ನಡೆಯುವ ಗೋಡೆ ಮಡಿಕೇರಿಯಲ್ಲಿ ನಡೆಯುವುದಿಲ್ಲ.

ಅಲ್ಲಿಯವರೆಗೆ ಬೀರುವನ್ನು ಗೋಡೆಯಿಂದ ಅರ್ಧ ಅಡಿಯಾದರೂ ಸರಿಸಿ ಇಡಿ. ಚುಕ್ಕೆಗಳನ್ನು ಒಣ ಪೊರಕೆಯಿಂದ ಗುಡಿಸಿದರೆ ಬೀಜಕಣಗಳು ಕೋಣೆಯೆಲ್ಲ ಹಾರಾಡುತ್ತವೆ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಮಗಳನ್ನು ಹೊರಗೆ ಕಳುಹಿಸಿ, ಸಾಬೂನು ನೀರಿನ ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಎಸೆಯಿರಿ. ಬ್ಲೀಚಿಂಗ್ ಪುಡಿ ಬಳಸುವುದಾದರೆ ಕಕ್ಕಸು ತೊಳೆಯುವ ಆಸಿಡ್ ಅದಕ್ಕೆ ತಾಗಲೇಬಾರದು, ಎರಡೂ ಸೇರಿದರೆ ವಿಷಾನಿಲ ಹೊರಡುತ್ತದೆ.

ಉತ್ತರ 2: ಎರಡು ಮನೆ ಬಾಡಿಗೆಗೆ ಕೊಟ್ಟವನು, ವಿರಾಜಪೇಟೆ

ಮಾಲೀಕರ ಕಡೆಯ ಮಾತನ್ನೂ ಯಾರಾದರೂ ಹೇಳಬೇಕಲ್ಲ ಎಂದು ಬರೆಯುತ್ತಿದ್ದೇನೆ. ನನ್ನ ಒಂದು ಮನೆಯಲ್ಲಿದ್ದ ಸಂಸಾರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಕಿಟಕಿಯನ್ನೂ ತೆರೆಯಲಿಲ್ಲ. ಅಡುಗೆಮನೆಯ ಗಾಳಿಕಿಂಡಿಗೆ ಜಿರಲೆ ಬರುತ್ತದೆಂದು ರಟ್ಟು ಅಂಟಿಸಿದ್ದರು. ಅದೇ ಮನೆಯಲ್ಲಿ ಮುಂದಿನ ವರ್ಷ ಬಂದವರು ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ ಎದುರುಬದುರಿನ ಕಿಟಕಿಗಳನ್ನು ತೆರೆದಿಡುತ್ತಿದ್ದರು. ಆ ಗೋಡೆಗೆ ನಾನು ಒಂದು ರೂಪಾಯಿಯನ್ನೂ ಖರ್ಚು ಮಾಡದಿದ್ದರೂ ಆ ವರ್ಷ ಬೂಷ್ಟು ಬರಲಿಲ್ಲ. ಕಾಫಿಯನ್ನು ಸರಿಯಾಗಿ ಒಣಗಿಸದೆ ಚೀಲಕ್ಕೆ ತುಂಬಿದರೆ ಏನಾಗುತ್ತದೆಂದು ಇಲ್ಲಿಯ ಮಕ್ಕಳಿಗೂ ಗೊತ್ತು. ಮನೆಯನ್ನು ಮುಚ್ಚಿಟ್ಟರೂ ಹಾಗೆಯೇ.

ಆದರೂ ನಿಮ್ಮ ಮಾಲೀಕರು ಮಾಡಿದ ಒಂದು ಕೆಲಸವನ್ನು ನಾನು ಒಪ್ಪುವುದಿಲ್ಲ. ಕಳೆದ ವರ್ಷವೂ ಅದೇ ಗೋಡೆ ಹಾಳಾಗಿದ್ದರೆ, ಬಯಲುಸೀಮೆಯಿಂದ ಬಂದವರಿಗೆ ಬಣ್ಣ ಬಳಿದು ತೋರಿಸುವಾಗ ಅದನ್ನು ಬಾಯಿಬಿಟ್ಟು ಹೇಳಬೇಕಿತ್ತು. ನಾನು ಮನೆ ತೋರಿಸುವಾಗ ಬೀರುವನ್ನು ಎಲ್ಲಿಡಬಾರದು, ಯಾವ ಕಿಟಕಿಯಿಂದ ಎರಚಲು ಬರುತ್ತದೆ ಎಂದು ಹೇಳಿಯೇ ಕೊಡುತ್ತೇನೆ. ಇದರಿಂದ ಒಂದಿಬ್ಬರು ಬಾಡಿಗೆಗೆ ಬರದೆ ಹೋದದ್ದೂ ಉಂಟು.

ಬಾಡಿಗೆದಾರೆ, ಮಡಿಕೇರಿ

ಇಬ್ಬರಿಗೂ ಧನ್ಯವಾದಗಳು. ಸೋಮವಾರಪೇಟೆಯವರು ಹೇಳಿದಂತೆ ಹಾಳೆ ಅಂಟಿಸಿ ನೋಡಿದೆ. ಬೀರುವಿನ ಹಿಂದಿನ ಹಾಳೆಯನ್ನು ಬಿಡಿಸಿದಾಗ ಕೋಣೆಯ ಕಡೆಯ ಮೈ ಒಣಗಿತ್ತು, ಗೋಡೆಯ ಕಡೆಯಿಂದ ನೀರು ಹನಿಯಾಗಿ ಇಳಿದು ಟೇಪಿನ ಅಂಚಿನಲ್ಲಿ ನಿಂತಿತ್ತು. ನಡುಮನೆಯ ಮೂಲೆಯಲ್ಲಿ ಇದರ ತಿರುಗುಮುರುಗು: ಹೊರಮೈಯಲ್ಲಿ ಮಂಜು ಹಿಡಿದ ಕನ್ನಡಿಯಂತೆ ತೇವ, ಹಿಂದೆ ಒಣ ಗೋಡೆ. ಬಟ್ಟೆಯ ಹಗ್ಗ ಕಟ್ಟಿರುವುದು ಆ ಮೂಲೆಯಲ್ಲಿಯೇ ಎಂಬುದನ್ನು ಒಪ್ಪಿಕೊಳ್ಳಬೇಕು. ತಾರಸಿಯ ಕೊಳವೆಯ ಬಾಯಿಯಿಂದ ಒಂದು ಬಕೆಟ್ ತುಂಬ ಎಲೆ ಬಂತು. ಅದರ ಪಕ್ಕದ ಕಟ್ಟೆಗೋಡೆಯ ಬುಡದಲ್ಲಿ ಬೆರಳಿನ ಉಗುರು ಹೋಗುವಷ್ಟು ಬಿರುಕಿದೆ, ಅದು ಸರಿಯಾಗಿ ಮಲಗುವ ಕೋಣೆಯ ಮೇಲೆಯೇ ಬರುತ್ತದೆ.

ಉತ್ತರ 3: ವಕೀಲ, ಮಡಿಕೇರಿ

ನಿಮ್ಮ ಪರೀಕ್ಷೆಯ ಫಲಿತಾಂಶದಿಂದ ಕಾನೂನಿನ ಉತ್ತರವೂ ಎರಡಾಗಿ ಒಡೆಯುತ್ತದೆ.

ಮೊದಲು ಯಾವ ಕಾನೂನು ಎಂಬುದು. ಬಾಡಿಗೆ ಎಂದೊಡನೆ ಎಲ್ಲರೂ 1999ರ ಕರ್ನಾಟಕ ಬಾಡಿಗೆ ಅಧಿನಿಯಮದ ಹೆಸರು ಹೇಳುತ್ತಾರೆ. ಅದರ ಮೊದಲ ಅನುಸೂಚಿಯ 'ಎ' ಭಾಗದ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲವಾದ್ದರಿಂದ, 9,000 ರೂಪಾಯಿಯ ನಿಮ್ಮ ಮನೆ ಅದರ ಹೊರಗೆ ಉಳಿಯುತ್ತದೆ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ ಕಟ್ಟಡದ ರಚನೆಯ ದುರಸ್ತಿ ಮತ್ತು ಗೋಡೆಗೆ ಸುಣ್ಣಬಣ್ಣ ಮಾಲೀಕರ ಪಾಲಿಗೂ, ನಲ್ಲಿಯ ವಾಷರ್, ಚರಂಡಿ ಶುಚಿ, ಕಿಟಕಿಯ ಗಾಜು ಮುಂತಾದವು ಬಾಡಿಗೆದಾರರ ಪಾಲಿಗೂ ಸ್ಪಷ್ಟವಾಗಿ ಹಂಚಿಕೆಯಾಗಿವೆ. ಆದರೆ ಅದು ಹೆಸರೇ ಹೇಳುವಂತೆ ಮಾದರಿ. ರಾಜ್ಯವು ತನ್ನ ಶಾಸನವಾಗಿ ಮಾಡಿಕೊಳ್ಳದ ಹೊರತು ಯಾರನ್ನೂ ಕಟ್ಟಿಹಾಕುವುದಿಲ್ಲ. ಮಾತುಕತೆಯಲ್ಲಿ ನ್ಯಾಯವಾದ ಅಳತೆಯೆಂದು ತೋರಿಸಲು ಮಾತ್ರ ಬಳಸಿಕೊಳ್ಳಿ.

ಹಾಗಾಗಿ ನಿಮ್ಮ ಕರಾರು, ಮತ್ತು ಕರಾರು ಸುಮ್ಮನಿರುವೆಡೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು, ಇವೆರಡೇ ಆಧಾರ. ಈ ಕಲಮಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹರಡಿದೆ. ಮಾಲೀಕರು ಮಾಡಲೇಬೇಕಾದ ದುರಸ್ತಿಯನ್ನು ಸೂಚನೆ ಕೊಟ್ಟ ಮೇಲೆಯೂ ಯುಕ್ತ ಸಮಯದಲ್ಲಿ ಮಾಡದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದೆಂದು ಅದರ 'ಎಫ್' ಉಪಖಂಡ ಹೇಳುತ್ತದೆ. ಜನರು ಇದರ ಎರಡನೆಯ ಅರ್ಧವನ್ನು ಮಾತ್ರ ಓದುತ್ತಾರೆ. 'ಮಾಡಲೇಬೇಕಾದ' ಎಂಬ ಬಾಧ್ಯತೆ ಕರಾರಿನಿಂದಲೋ ಸ್ಥಳೀಯ ರೂಢಿಯಿಂದಲೋ ಬರಬೇಕು. ದುರಸ್ತಿಯೆಲ್ಲವೂ ಮಾಲೀಕರದೇ ಎಂದು ಆ ಕಲಮು ಎಲ್ಲಿಯೂ ಹೇಳಿಲ್ಲ. ನಿಮ್ಮ ಕರಾರು ದೊಡ್ಡ ದುರಸ್ತಿಯ ಬಗ್ಗೆ ಮೌನವಾಗಿದೆ. ಸಣ್ಣಪುಟ್ಟದ್ದು ನಿಮ್ಮದೆಂದು ಬರೆದಿರುವುದರಿಂದ ಉಳಿದದ್ದು ಅವರದೆಂದು ವಾದಿಸಬಹುದು, ಅದು ಗಟ್ಟಿ ವಾದವೂ ಹೌದು, ಆದರೆ ವಾದವೇ. ಆದ್ದರಿಂದ ಅವರ ಲಿಖಿತ ಒಪ್ಪಿಗೆಯಿಲ್ಲದೆ ತಾರಸಿಗೆ ಕೈಹಾಕಿ ಬಾಡಿಗೆ ಹಿಡಿಯುವುದು ಬೇಡ. ಬಾಡಿಗೆಯನ್ನು ಸಕಾಲಕ್ಕೆ ಕೊಡುವುದು ಅದೇ ಕಲಮಿನ ಪ್ರಕಾರ ನಿಮ್ಮ ಹೊಣೆ. ಅದನ್ನು ನಿಲ್ಲಿಸಿದ ದಿನ ದೂರು ಕೊಡುವ ಸ್ಥಾನದಿಂದ ನೀವೇ ಉತ್ತರ ಹೇಳಬೇಕಾದ ಸ್ಥಾನಕ್ಕೆ ಇಳಿಯುತ್ತೀರಿ.

ನಿಮ್ಮ ಕೈಯಲ್ಲಿರುವ ಬಲವಾದ ಅಂಶ ಬೇರೆ. ಮಾಲೀಕರಿಗೆ ತಿಳಿದಿದ್ದು, ಬಾಡಿಗೆದಾರರಿಗೆ ತಿಳಿಯದಿದ್ದು, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ಮುಖ್ಯ ದೋಷವಿದ್ದರೆ ಅದನ್ನು ಮಾಲೀಕರು ತಿಳಿಸತಕ್ಕದ್ದೆಂದು 'ಎ' ಉಪಖಂಡ ವಿಧಿಸುತ್ತದೆ. ಹಿಂದಿನ ವರ್ಷದ ಬೂಷ್ಟಿನ ಮೇಲೆ ಬಳಿದ ಹೊಸ ಬಣ್ಣ ಈ ಮಾತಿಗೆ ಸರಿಯಾಗಿ ಹೊಂದುತ್ತದೆ. ಹಿಂದೆ ಇದ್ದವರು ಸಿಕ್ಕರೆ ಅವರಿಂದ ಎರಡು ಸಾಲು ಬರೆಯಿಸಿಕೊಳ್ಳಿ, ಹಳೆಯ ಫೋಟೊ ಇದ್ದರೆ ಕೇಳಿ. ಅಂಗಡಿಯವರ ಮಾತು ಅಂಗಡಿಯಲ್ಲಿಯೇ ಉಳಿದರೆ ಪ್ರಯೋಜನವಿಲ್ಲ.

ಮುಂಗಡದ ವಿಷಯಕ್ಕೆ ಬಂದರೆ, ಪಡೆದ ಸ್ಥಿತಿಯಲ್ಲಿ ಹಿಂದಿರುಗಿಸುವ ಹೊಣೆಗೆ 'ಎಂ' ಉಪಖಂಡದಲ್ಲಿಯೇ ವಿನಾಯಿತಿಯಿದೆ: ಸಹಜ ಸವೆತದಿಂದಲೂ ತಡೆಯಲಾಗದ ಶಕ್ತಿಯಿಂದಲೂ ಆದ ಬದಲಾವಣೆಗೆ ಬಾಡಿಗೆದಾರರು ಹೊಣೆಯಲ್ಲ. ಕಟ್ಟೆಗೋಡೆಯ ಬಿರುಕಿನಿಂದ ಇಳಿದ ನೀರಿಗೆ ನಿಮ್ಮಿಂದ ಹಣ ಹಿಡಿಯಲಾಗದು. ನಡುಮನೆಯ ಆ ಒಂದು ಮೂಲೆಯ ಬಣ್ಣಕ್ಕೆ ಅವರು ಕೇಳಿದರೆ ಕೊಡುವುದು ಮರ್ಯಾದೆ ಎಂದು ನನ್ನ ಅಭಿಪ್ರಾಯ. ಇಡೀ ಮನೆಯ 15,000 ರೂಪಾಯಿ ಯಾವ ಲೆಕ್ಕದಲ್ಲಿಯೂ ಬರುವುದಿಲ್ಲ. ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆಂದು ಹಿಡಿಯುವ ಪದ್ಧತಿ ಹಲವೆಡೆ ಇದೆಯಾದರೂ ನಿಮ್ಮ ಕರಾರಿನಲ್ಲಿ ಅದನ್ನು ಬರೆದಿಲ್ಲ.

ವಾಸಕ್ಕೆ ಯೋಗ್ಯವಲ್ಲವೆಂದು ಕೂಡಲೇ ಬಿಟ್ಟುಹೋಗಬಹುದೇ ಎಂದೂ ಕೆಲವರು ಕೇಳುತ್ತಾರೆ. 'ಇ' ಉಪಖಂಡದ ಆ ಅವಕಾಶ ಬೆಂಕಿ, ಬಿರುಗಾಳಿ, ನೆರೆಯಂಥವುಗಳಿಂದ ಮನೆಯ ಮುಖ್ಯ ಭಾಗ ನಾಶವಾದಾಗ ಇಲ್ಲವೆ ಶಾಶ್ವತವಾಗಿ ಬಳಕೆಗೆ ಬಾರದಂತಾದಾಗ ಮಾತ್ರ. ದುರಸ್ತಿಯಾಗಬಲ್ಲ ಬೂಷ್ಟಿಗೆ ಅದು ಸಲ್ಲದು. ಬಿಡುವುದಾದರೆ ಎರಡು ತಿಂಗಳ ಸೂಚನೆ ಕೊಟ್ಟೇ ಬಿಡಿ.

ಈಗ ಮಾಡಬೇಕಾದದ್ದು ಒಂದು ಪತ್ರ. ಯಾವ ದಿನ ಏನು ಕಂಡಿತು, ಹಾಳೆಯ ಪರೀಕ್ಷೆಯಲ್ಲಿ ಏನಾಯಿತು, ತಾರಸಿಯ ಬಿರುಕು ಎಲ್ಲಿದೆ ಎಂದು ಒಂದು ಪುಟದಲ್ಲಿ ಬರೆದು, ದಿನಾಂಕವಿರುವ ಫೋಟೊಗಳನ್ನೂ ವೈದ್ಯರ ಚೀಟಿಯ ಪ್ರತಿಯನ್ನೂ ಇಟ್ಟು, ಹದಿನೈದು ದಿನಗಳಲ್ಲಿ ತಾತ್ಕಾಲಿಕ ವ್ಯವಸ್ಥೆ ಮತ್ತು ಮಾರ್ಚ್‌ನೊಳಗೆ ಪೂರ್ಣ ದುರಸ್ತಿ ಮಾಡಿಸಬೇಕೆಂದು ಕೇಳಿ. ಕೆಳಗಿನ ಮನೆಯವರಿಗೆ ಅಂಚೆಯಲ್ಲಿ ಕಳುಹಿಸುವುದು ಮುಜುಗರವೆನಿಸಿದರೆ ಕೈಯಲ್ಲಿಯೇ ಕೊಟ್ಟು ಪ್ರತಿಯ ಮೇಲೆ ಸಹಿ ಪಡೆಯಿರಿ. ಸಹಿ ಹಾಕದಿದ್ದರೆ ವಾಟ್ಸ್ಆ್ಯಪ್‌ನಲ್ಲಿಯೂ ಕಳುಹಿಸಿಡಿ. ಅದಕ್ಕೂ ಜಗ್ಗದಿದ್ದರೆ ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. 1987ರ ಕಾಯ್ದೆಯ ಪ್ರಕಾರ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು, ಸಹಾಯವಾಣಿ 15100. ದಾವೆ ಹೂಡುವ ಮೊದಲೇ ಇಬ್ಬರನ್ನೂ ಕೂರಿಸಿ ಮಾತಾಡಿಸುವ ಅವಕಾಶ ಅಲ್ಲಿದೆ, ಈ ಮೊತ್ತದ ತಕರಾರಿಗೆ ಅದೇ ಸಾಕು.

ಮುಂದಿನ ಕರಾರಿನಲ್ಲಿ ಇದೊಂದು ವಾಕ್ಯವನ್ನು ಸೇರಿಸಿಕೊಳ್ಳಿ: "ತಾರಸಿ, ಹೊರಗೋಡೆ ಹಾಗೂ ನೀರಿನ ಕೊಳವೆಗಳಿಂದ ಉಂಟಾಗುವ ಸೋರಿಕೆಯನ್ನು, ಬಾಡಿಗೆದಾರರು ಲಿಖಿತವಾಗಿ ತಿಳಿಸಿದ ಮೂವತ್ತು ದಿನಗಳೊಳಗೆ ಮಾಲೀಕರು ಸ್ವಂತ ಖರ್ಚಿನಲ್ಲಿ ಸರಿಪಡಿಸತಕ್ಕದ್ದು, ತಪ್ಪಿದಲ್ಲಿ ಬಾಡಿಗೆದಾರರು ಮಾಡಿಸಿದ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಲು ಹಕ್ಕುಳ್ಳವರಾಗಿರುತ್ತಾರೆ."

ಬಾಡಿಗೆದಾರೆ, ಮಡಿಕೇರಿ

ಪತ್ರವನ್ನು ಕೈಯಲ್ಲಿಯೇ ಕೊಟ್ಟೆ. ಮಾಲೀಕರು ಸಹಿ ಹಾಕಲಿಲ್ಲ, ಆದರೆ ಮರುದಿನ ಬೆಳಿಗ್ಗೆ ಮೇಲೆ ಬಂದು ಬೀರುವಿನ ಹಿಂದೆ ಕೈಯಿಟ್ಟು ನೋಡಿದರು. ಅಂಟಿಸಿಯೇ ಬಿಟ್ಟಿದ್ದ ಹಾಳೆಯನ್ನು ಅವರೇ ಬಿಡಿಸಿ, ಹಿಂದಿನ ನೀರನ್ನು ನೋಡಿ, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಸಂಜೆ ಇಬ್ಬರು ಕೆಲಸಗಾರರು ಬಂದು ಕಟ್ಟೆಗೋಡೆಯ ಮೇಲೆ ಟಾರ್ಪಾಲು ಹೊದಿಸಿ ಇಟ್ಟಿಗೆ ಹೇರಿ ಹೋಗಿದ್ದಾರೆ. ಮಾರ್ಚ್‌ನಲ್ಲಿ ಶೀಟ್ ಹಾಕಿಸುವುದಾಗಿ ಹೇಳಿದ್ದಾರೆ. ಬರೆದುಕೊಡಿ ಎಂದು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಬಟ್ಟೆಯ ಹಗ್ಗವನ್ನು ನಾವು ಬಚ್ಚಲಿನ ಪಕ್ಕದ ಓಣಿಗೆ ಬದಲಿಸಿದ್ದೇವೆ. ಮಗಳು ನಡುಮನೆಯಲ್ಲಿ ಮಲಗುತ್ತಿದ್ದಾಳೆ.